ಜಪಾನಿನ ಹುಡುಗನಿಗೆ ರೈಲು ಸಿಕ್ಕಿತೇ?

ಬೆಳಗಿನ ರೈಲಿಗೆಂದು ಹೊರಟು, ಹಿಂದಿನ ದಿನ ಬರಬೇಕಿದ್ದ ರೈಲನ್ನೇ ಹತ್ತಿ ಹೋಗಬಲ್ಲ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನನ್ನ ಸೋದರಮಾವ! ಎಲ್ಲಿ ತಡವಾಗಿಬಿಡುತ್ತದೋ ಎಂಬ ಭಯ ಅವರನ್ನು ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ. ಒಮ್ಮೆ ಫ್ರೇಜರ್ ಟೌನಿನ ಗೆಳೆಯರೊಬ್ಬರ ಮಗಳ ಮದುವೆಗೆ ಎಷ್ಟು ಬೇಗ ಹೋದರೆಂದರೆ, ಶಾಮಿಯಾನದವರು ಇವರನ್ನು ತಮ್ಮ ಆಳೆಂದೇ ತಿಳಿದು ಕುರ್ಚಿ ಹಾಕಿಸಿದರು. ಮಾವ ಹಾಕಿದರು ಕೂಡ! ಯಾಕೆ ಎಂದು ಕೇಳಿದರೆ, "ಮತ್ತೆ ನಾನೆಲ್ಲಿ ಕೂತ್ಕೊಳ್ಲಿ?" ಎಂದರು.

ಇಂಥವರ ಎದುರು ನಾನು ಆ ಜಪಾನಿ ಕಾರ್ಟೂನ್ ಹಾಕಬಾರದಿತ್ತು.

ಆಗ ನಾನು ಜೋಗುಪಾಳ್ಯದ ಅವರ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಸಿ.ಡಿ.ಗಳ ಕಾಲ. ಗೆಳೆಯನೊಬ್ಬ ಕೊಟ್ಟಿದ್ದನ್ನು ಕಂಪ್ಯೂಟರಿಗೆ ಹಾಕಿದೆ. ಪಿಯಾನೊ ನುಡಿಸುವ ಹುಡುಗ, ಕೊಳಲೂದುವ ಹುಡುಗಿ, ಇಬ್ಬರೂ ಹೈಸ್ಕೂಲು. ಹುಡುಗಿ ಊರು ಬಿಟ್ಟು ಹೊರಟಿದ್ದಾಳೆ, ಸಂಜೆಗೆ ರೈಲು. ಹುಡುಗನೋ, ಅವಳಿಗೆಂದು ಕಟ್ಟಿದ ಹಾಡಿನ ಕೊನೆ ಹೊಳೆಯದೆ ಶಾಲೆಯ ಪಿಯಾನೊ ಮುಂದೆ ಕೂತಿದ್ದಾನೆ. ನಾನು ಅವನ ಪ್ರೇಮ ನೋಡುತ್ತಿದ್ದೆ. ಮಾವ ಅವನ ಹಿಂದಿನ ಗೋಡೆ ಗಡಿಯಾರ ನೋಡುತ್ತಿದ್ದರು!

"ಏಯ್, ಏಳೋ! ಹಾಡು ಆಮೇಲೆ ಪೋಸ್ಟ್ ಮಾಡುವಂತೆ!"

"ಮಾವ, ಜಪಾನಲ್ಲಿ ರೈಲು ಲೇಟೇ ಆಗಲ್ವಂತೆ," ಎಂದು ನನ್ನ ಜ್ಞಾನ ಪ್ರದರ್ಶಿಸಿದೆ.

"ಅದೇ ಕಣೋ ನನ್ನ ಭಯ! ನಮ್ಮ ಕಡೆ ಆಗಿದ್ರೆ ಇವನು ಸ್ನಾನ ಮಾಡ್ಕೊಂಡು ಹೋದ್ರೂ ಸಿಕ್ತಿತ್ತು!"

ಕೊನೆಗೂ ಹುಡುಗ ಎದ್ದು ಓಡತೊಡಗಿದ. ಅಷ್ಟರಲ್ಲಿ ಆ ಕಂತು ಮುಗಿಯಿತು. ಸಿ.ಡಿ.ಯೂ ಮುಗಿಯಿತು! ಮುಂದಿನದು ಕೆ.ಆರ್. ಪುರದಲ್ಲಿ, ಗೆಳೆಯನ ಮನೆಯಲ್ಲಿತ್ತು.

ಮಾವನಿಗೆ ಊಟ ಸೇರಲಿಲ್ಲ. ತಟ್ಟೆಯ ಮುಂದೆ ಕೂತು, "ಪಾಪ, ಅವನಿನ್ನೂ ಓಡ್ತಾನೇ ಇದಾನಲ್ಲೋ," ಎಂದರು.

"ಓಡ್ಲಿ ಬಿಡ್ರೀ, ವಯಸ್ಸಿದೆ. ನೀವು ಸಾರು ಕಲಸ್ಕೊಳ್ಳಿ," ಎಂದರು ಅತ್ತೆ.

ಬೆಳಗಾಗುತ್ತಲೇ ಮಾವ ಬಸ್ಸು ಹತ್ತಿ, ಗೆಳೆಯ ಹಲ್ಲುಜ್ಜುವ ಮೊದಲೇ ಅವನ ಮನೆ ಬಾಗಿಲು ತಟ್ಟಿ ಸಿ.ಡಿ. ತಂದೇಬಿಟ್ಟರು.

ಹಾಕಿದೆ. ಮಾವ ಕೂರಲೇ ಇಲ್ಲ. ನನ್ನ ಕುರ್ಚಿಯನ್ನು ಹಿಂದಿನಿಂದ ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಅದು ನಡುಗುತ್ತಿತ್ತು. ಹುಡುಗ ಎಡವಿ ಬಿದ್ದ, ಎದ್ದ, ಸ್ಟೇಷನ್ನಿನ ಮೆಟ್ಟಿಲು ಹತ್ತಿದ. ರೈಲು ಹೊರಟೇ ಹೋಯಿತು! ಖಾಲಿ ಪ್ಲಾಟ್‌ಫಾರ್ಮಿನಲ್ಲಿ ಕುಸಿದು ಕೂತು ಅಳತೊಡಗಿದ.

ಈಗ ಮಾವ ಅವನ ಜನ್ಮ ಜಾಲಾಡುತ್ತಾರೆ, ಒಳ್ಳೇ ತಮಾಷೆ ಎಂದುಕೊಂಡು ಹಿಂತಿರುಗಿ ನೋಡಿದೆ. ಅವರ ಕಣ್ಣು ತುಂಬಿತ್ತು. ನನಗೆ ಗಾಬರಿಯಾಯಿತು.

"ಅಳ್ಬೇಡ ಕಣೋ," ಎಂದು ಪರದೆಯ ಹುಡುಗನಿಗೆ ಮೆಲ್ಲಗೆ ಹೇಳಿದರು. "ಮುಂದಿನ ಗಾಡಿ ಹತ್ತು."

ಅತ್ತೆ ಯಾವಾಗ ಅಡುಗೆಮನೆಯಿಂದ ಬಂದು ನಿಂತಿದ್ದರೋ! ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, ನಾನು ಅಲ್ಲಿರುವುದನ್ನೇ ಮರೆತವರಂತೆ ಹೇಳಿದರು:

"ಹತ್ತಿ ಬರ್ತಾನೆ ಬಿಡ್ರೀ. ಅವತ್ತು ರೈಲು ತಪ್ಪಿದ್ಮೇಲೂ ನನ್ನ ಹಿಂದೆ ಬಂಗಾರಪೇಟೆವರೆಗೂ ನೀವು ಬರ್ಲಿಲ್ವಾ?"