ಮಡಿಸುವ ಸಲಿಕೆ, ಕಾದುವ ಸಲಿಕೆ

ಒಂದು ಕೆಲಸಕ್ಕೆ ಬರುವ ವಸ್ತು ಮಾಡಿದವನನ್ನು ನೋಡಿ ಜನ ಒಂದು ಸಲ ನಗುತ್ತಾರೆ. ಎರಡು ಕೆಲಸಕ್ಕೆ ಬರುವ ವಸ್ತು ಮಾಡಿದವನನ್ನು ನೋಡಿ ಎರಡು ಸಲ. ನನ್ನದು ಅಗೆಯಲೂ ಬರಬೇಕು, ಹೊಡೆದಾಡಲೂ ಬರಬೇಕು, ಮಡಿಸಿದರೆ ಚೀಲದಲ್ಲಿ ಕೂರಲೂ ಬೇಕು. ಹಾಗಾಗಿ ನಮ್ಮ ಕೊಳ್ಳೇಗಾಲದಿಂದ ಇತ್ತ ಹನೂರು, ಅತ್ತ ಯಳಂದೂರಿನವರೆಗೆ ನಗದೆ ಉಳಿದವರು ಕಡಿಮೆ. ಆ ನಗುಗಳಲ್ಲಿ ಕೆಲವನ್ನು ಬರೆಯುತ್ತೇನೆ. ಉಳಿದವನ್ನು ನನ್ನ ಹೆಂಡತಿ ಹೇಳುತ್ತಾಳೆ, ಯಾರೂ ಕೇಳದಿದ್ದರೂ.

ಶೆಡ್ಡಿನ ಕರಾರು

ಸೈನ್ಯದಲ್ಲಿ ನನ್ನ ಕೆಲಸ ಅಗೆಯುವುದು. ಹವಾಲ್ದಾರನಾದ ಮೇಲೆ ಅಗೆಸುವುದು. ಬೆನ್ನಿಗೆ ಕಟ್ಟಿಕೊಳ್ಳಲು ಒಂದು ಮಡಿಸುವ ಸಲಿಕೆ ಕೊಟ್ಟಿದ್ದರು. ಕಲ್ಲಿಗೆ ತಾಗಿದರೆ ಅದು ತಾನೇ ಮಡಿಸಿಕೊಳ್ಳುತ್ತಿತ್ತು. ಮಡಿಸಲು ಹೋದರೆ ನೆಟ್ಟಗೆ ನಿಲ್ಲುತ್ತಿತ್ತು. ಇದಕ್ಕಿಂತ ಒಳ್ಳೆಯದನ್ನು ನಾನೇ ಮಾಡಬಲ್ಲೆ ಎಂದು ಆಗಲೇ ಅಂದುಕೊಂಡಿದ್ದೆ. ಅಂದುಕೊಂಡು ಸುಮ್ಮನಿದ್ದರೆ ಚೆನ್ನಾಗಿತ್ತು. ನಿವೃತ್ತಿಯಾದ ಮೇಲೆ ಬಾಯಿಬಿಟ್ಟು ಹೇಳಿದೆ.

ಹೇಳಿದ್ದು ನನ್ನ ಹಳೆಯ ಕರ್ನಲ್ ಸಾಹೇಬರಿಗೆ. ಅವರೂ ನಿವೃತ್ತರು. ಸೈನ್ಯಕ್ಕೆ ಸಾಮಾನು ಮಾಡಿಕೊಡುವ ಒಂದು ಕಂಪನಿಗೆ ಸಲಹೆ ಕೊಡುತ್ತಾರೆ. "ಮಾಡಿ ತೋರಿಸಿ ಹವಾಲ್ದಾರ್. ಬರೀ ಅಗೆದರೆ ಸಾಲದು. ಗುಂಡು ಮುಗಿದು ಶತ್ರು ಮೈಮೇಲೆ ಬಿದ್ದಾಗಲೂ ಕೈಗೆ ಬರಬೇಕು. ದಸರಾ ಹೊತ್ತಿಗೆ ಬಂದು ನೋಡ್ತೀನಿ" ಎಂದರು.

ನಮ್ಮ ಮನೆಯ ಹಿತ್ತಲಲ್ಲಿ ಒಂದು ಶೆಡ್ಡಿದೆ. ಹಿಂದಿನವರು ಅಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರು. ಹೆಂಡತಿಗೆ ಅಲ್ಲಿ ಹಸು ಕಟ್ಟುವ ಆಸೆ. ಹೊನ್ನೂರಿನಲ್ಲಿರುವ ಅವಳ ತಮ್ಮ ಹಸು ಕೊಡಲು ತಯಾರಾಗಿದ್ದ. ಅಷ್ಟರಲ್ಲಿ ನಾನು ಶೆಡ್ಡಿನೊಳಗೆ ಒಂದು ಮೇಜು, ಒಂದು ವೈಸು, ಒಂದು ಡ್ರಿಲ್ಲು ಕೂರಿಸಿಬಿಟ್ಟೆ. ಆ ಜಾಗ ಬಿಟ್ಟರೆ ನನಗೆ ಉಳಿಯುವುದು ಟೀವಿ ಎದುರಿನ ಕುರ್ಚಿ.

ಅವಳು ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟಳು. "ಆಯುಧಪೂಜೆ ಒಳ್ಗೆ ಆ ಸಾಹೇಬ್ರು ನಿಮ್ ಸಲಿಕೆಯ ಒಪ್ಕಂಡ್ರೆ ಶೆಡ್ಡು ನಿಮ್ದು. ಒಪ್ದಿದ್ರೆ ಹಸುಂದು."

"ಆಗಲಿ" ಎಂದೆ.

"ಹಸುಗೆ ಹೇಳಿ ಕಳಿಸ್ಲಾ, ತಯಾರಾಗಿರು ಅಂತ?"

ಕೈಯಿಂದ ಕೈಗೆ

ಹನೂರಿನಲ್ಲಿ ನನಗೆ ಗೊತ್ತಿರುವ ಒಬ್ಬ ಆಚಾರಿ ಇದ್ದಾನೆ. ನನ್ನದೇ ವಯಸ್ಸು. ಕುಲುಮೆ ಇನ್ನೂ ಬಿಟ್ಟಿಲ್ಲ. ಅವನ ಮುಂದೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದೆ.

"ಏನ್ ಸಾ ಇದು?"

"ಸಲಿಕೆ."

"ಅಂಚ್ ಯಾಕ್ ಮಸೀಬೇಕು?"

"ಕತ್ತಿ."

"ಈ ಕಡೆ ಹಲ್ಲು?"

"ಗರಗಸ."

"ಹಿಂದ್ಗಡೆ ದಪ್ಪಕ್ ಅದಲ್ಲಾ?"

"ಸುತ್ತಿಗೆ."

ಅವನು ಬೀಡಿ ಆರಿಸಿ ಚಿತ್ರವನ್ನು ಸುತ್ತು ಬಂದ. "ಸಾ, ಅನ್ನ ಸಾರು ಏನಾರ ಮಾಡ್ತದಾ?"

ಬೈದುಕೊಂಡೇ ಮಾಡಿದ. ಕೆಲಸ ಚೆನ್ನಾಗಿತ್ತು. ಕೀಲು ನನ್ನ ಯೋಚನೆ. ಮಡಿಸಿದಾಗ ತನ್ನಷ್ಟಕ್ಕೆ ಚಿಲಕ ಬೀಳುತ್ತದೆ. ಬಿಡಿಸಬೇಕಾದರೆ ಎರಡು ಬದಿಯಿಂದ ಒಂದೇ ಸಲಕ್ಕೆ ಒತ್ತಬೇಕು. ಶತ್ರುವಿಗೆ ಸುಲಭವಾಗಿ ತೆರೆಯಬಾರದು ಎಂದು.

ಮುಗಿದ ಮೇಲೆ ಕೈ ಚಾಚಿದೆ. ಅವನು ಸಲಿಕೆಯನ್ನು ನೆಲದ ಮೇಲಿಟ್ಟ.

"ಕೈಗೆ ಕೊಡಯ್ಯ."

"ಮಸ್ದಿರೋ ಕಬ್ಬಿಣವ ಕೈಯಿಂದ ಕೈಗೆ ಕೊಡಬಾರ್ದು ಸಾ. ಜಗಳ ಆಯ್ತದೆ. ನೆಲದಿಂದ ಎತ್ಕಳಿ."

"ಮಾಡಿಸಿರೋದೇ ಜಗಳಕ್ಕೆ. ಕೊಡು."

"ನಮ್ಮಪ್ಪನ ಕಾಲ್ದಿಂದ ಕೊಟ್ಟಿಲ್ಲ."

"ನಿಮ್ಮಪ್ಪ ಇಂಥದ್ದು ಮಾಡಿದ್ನಾ? ಕೊಡು."

ಸಿಟ್ಟಿನಲ್ಲಿ ಎತ್ತಿ ನನ್ನ ಕೈಗೆ ತುರುಕಿದ. ಕೀಲು ಜಾರಿತು. ಸಲಿಕೆ ಮಡಿಸಿಕೊಂಡಿತು. ಚಿಲಕ ಬಿತ್ತು. ನನ್ನ ಬಲಗೈ, ಅವನ ಬಲಗೈ ಎರಡೂ ಒಳಗೆ. ಪುಣ್ಯಕ್ಕೆ ಮೊಂಡು ಕಡೆ.

ಬಿಡಿಸಲು ಎರಡು ಕಡೆ ಒತ್ತಬೇಕು. ನನ್ನ ಎಡಗೈ ಒಂದು ಕಡೆ, ಅವನ ಎಡಗೈ ಇನ್ನೊಂದು ಕಡೆ. ನಾನು ಒತ್ತಿದಾಗ ಅವನು ಬೈಯುತ್ತಿದ್ದ. ಅವನು ಒತ್ತಿದಾಗ ನಾನು ಬೈಯುತ್ತಿದ್ದೆ. ಒಗ್ಗಟ್ಟು ಬರಲೇ ಇಲ್ಲ. ಆಗ ಕುಡುಗೋಲು ಹರಿತ ಮಾಡಿಸಲು ಬಂದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಳು. ಇಬ್ಬರು ಮುದುಕರು ಕೈ ಕೈ ಹಿಡಿದುಕೊಂಡು ಒಬ್ಬರ ಅಪ್ಪನನ್ನು ಇನ್ನೊಬ್ಬರು ಬೈಯುತ್ತಿರುವುದನ್ನು ಸ್ವಲ್ಪ ಹೊತ್ತು ನೋಡಿದಳು.

"ಅಲ್ಲ ಕಣ್ರಪ್ಪಾ," ಎಂದಳು, "ಕೈ ಬುಟ್ಬುಟ್ಟು ಜಗಳ ಆಡಬಾರ್ದಾ?"

ಸಾಬೀತು

ಕೀಲು ಬಿಗಿ ಮಾಡಿಸಿ, ಕಲ್ಲು ನೆಲದಲ್ಲಿ ಅಗೆದು ನೋಡೋಣ ಎಂದು ಪಾಲಾರ್ ಕಡೆಯ ಬಸ್ಸು ಹತ್ತಿದೆ. ದಾರಿಯಲ್ಲಿ ಒಂದು ಚೆಕ್‌ಪೋಸ್ಟ್ ಗೇಟು. ಪೊಲೀಸಿನವನು ಒಳಗೆ ಬಂದು ನನ್ನ ಚೀಲ ಬಿಚ್ಚಿಸಿದ.

"ಏನ್ರೀ ತಾತಾ ಇದು?"

ಆಯುಧ ಎಂದರೆ ಠಾಣೆ. "ಸಲಿಕೆ" ಎಂದೆ.

"ಸಲಿಕೆಗ್ಯಾಕೆ ಹಲ್ಲು?"

"ಬೇರು ಕುಯ್ಯೋಕೆ."

"ಇಳೀರಿ. ಅಗ್ದು ತೋರ್ಸಿ."

ಇಳಿದೆ. ಬಸ್ಸು ಹೋಯಿತು. ಗೇಟಿನ ಪಕ್ಕ ಅಗೆದೆ. ಅಲ್ಲಿ ಯಾರೋ ತಂದಿಟ್ಟ ಹೊಂಗೆ ಸಸಿಗಳು ಬಾಡುತ್ತಿದ್ದವು. ಗುಂಡಿ ಹೇಗೂ ಆಗಿದೆಯಲ್ಲ ಎಂದು ಅವನು ಒಂದು ಸಸಿ ಇಳಿಸಿದ. "ಸಲಿಕೇನೇ ಬುಡಿ" ಎಂದು ಒಪ್ಪಿದ. ಅಷ್ಟರಲ್ಲಿ ಮೇಲಿನವರ ಜೀಪು ಬಂತು.

"ಏನಯ್ಯ ಅದು, ಮಚ್ಚು ಇದ್ದಂಗದೆ?"

"ಸಲಿಕೆ ಸಾ. ತಾತ ಅಗ್ದು ತೋರ್ಸ್ತಾರೆ."

ತೋರಿಸಿದೆ. ಇನ್ನೊಂದು ಸಸಿ. ಜೀಪು ಹೋದ ಮೇಲೆ ಡ್ಯೂಟಿ ಬದಲಾಯಿತು. ಹೊಸಬನಿಗೂ ಅನುಮಾನ. ಅವನಿಗೂ ತೋರಿಸಿದೆ. ಕಲ್ಲು ನೆಲದ ಪರೀಕ್ಷೆ ಅಲ್ಲೇ ಮುಗಿದುಹೋಯಿತು. ಸಲಿಕೆ ಪಾಸು. ನನ್ನ ಸೊಂಟ ಫೇಲು.

ಮುಂದಿನ ವಾರ ಮತ್ತೆ ಅದೇ ದಾರಿಯಲ್ಲಿ ಹೋಗಬೇಕಾಯಿತು. ಈ ಸಲ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಪೊಲೀಸಿನವನು ಬಸ್ಸು ಹತ್ತಿದ, ನನ್ನ ಮುಖ ನೋಡಿದ. ಚೀಲ ಮುಟ್ಟಲಿಲ್ಲ. ಕಿಟಕಿಯಿಂದ ತಲೆ ಹಾಕಿ ಹೊರಗಿದ್ದವನಿಗೆ ಕೂಗಿದ: "ಲೇ, ಗಿಡ ನೆಡೋ ತಾತ ಬಂದ್ರು ಕಣ್ಲಾ, ನೀರು ತಕಂಬಾ!"

ಹೊನ್ನೂರಿನ ಎರಡು ಗುಂಡಿ

ಹೊಡೆದಾಟದ ಪರೀಕ್ಷೆ ಬಾಕಿ ಇತ್ತು. ಅದಕ್ಕೆ ಶತ್ರು ಬೇಕು. ಹೊನ್ನೂರಿನಲ್ಲಿ ಭಾಮೈದನ ಕಬ್ಬಿನ ಗದ್ದೆಗೆ ಹಂದಿ ಬೀಳುತ್ತಿತ್ತು. ಹಿಂದಿನ ದಿನವೇ ಹೋಗಿ ಅವನ ಮನೆಯಲ್ಲಿ ಉಳಿದುಕೊಂಡೆ. ಆಚಾರಿ ಮಾಡಿಕೊಟ್ಟ ಎರಡನೆಯ ಸಲಿಕೆ ನನ್ನ ಬಳಿ ಇತ್ತು. ಮೊದಲನೆಯದರ ಕೀಲು ಮತ್ತೆ ಸಡಿಲವಾಗಿ, ಅದು ಮನೆಯಲ್ಲಿ ಸೌದೆಯ ಅಡಿ ಸೇರಿತ್ತು.

ಬೆಳಕು ಹರಿಯುತ್ತಿದ್ದಂತೆ ಗದ್ದೆಯ ಬದುವಿಗೆ ಹೋದೆ. ಕೂತು ಕಾಯಲು ಒಂದು ಮೋರ್ಚಾ, ಅಂದರೆ ಸೈನ್ಯದವರ ಅಡಗುಗುಂಡಿ, ತೋಡೋಣ ಎಂದು ಅಗೆದೆ. ಮೂರಡಿ ಎಂದುಕೊಂಡಿದ್ದೆ. ನೆಲ ಗಟ್ಟಿ, ನಾನು ಮೆತ್ತಗೆ. ಒಂದು ನಾಯಿ ಮಲಗುವಷ್ಟಾಯಿತು. ಸಾಕು ಎಂದು ಸಲಿಕೆ ಮಡಿಸಿ ಕೂತೆ.

ಹಂದಿ ಬಂತು. ಮೋರ್ಚಾದೊಳಗೆ ಅಡಗಲು ನೋಡಿದೆ. ಮೊಣಕಾಲು ಮಾತ್ರ ಅಡಗಿತು. ಎದ್ದು ನಿಂತು ಚಿಲಕ ಒತ್ತಿದೆ. ತೆರೆಯಲಿಲ್ಲ. ಇನ್ನೊಂದು ಸಲ ಒತ್ತಿದೆ. ಶತ್ರುವಿಗೆ ತೆರೆಯಬಾರದು ಎಂದು ಮಾಡಿದ್ದು ನನಗೂ ತೆರೆಯಲಿಲ್ಲ. ಸೈನ್ಯದಲ್ಲಿ ಕಲಿತ ಹಿಂದಿಯಲ್ಲಿ ಗದರಿದೆ. ಹಂದಿಗೆ ಹಿಂದಿ ಬರಲಿಲ್ಲ. ಅದು ನನ್ನನ್ನು ಒಂದು ಸಲ ನೋಡಿ, ಇವನಿಂದ ತೊಂದರೆಯಿಲ್ಲ ಎಂದು ತಿಳಿದು, ಪಕ್ಕದಲ್ಲೇ ಮೂತಿಯಿಂದ ನೆಲ ಅಗೆಯತೊಡಗಿತು. ಗೆಡ್ಡೆ ಸಿಕ್ಕಿರಬೇಕು. ತಿಂದು, ಹೊಟ್ಟೆ ತುಂಬಿದ ಮೇಲೆ ಹೋಯಿತು. ಅದು ಹೋದ ಮೇಲೆ ಚಿಲಕ ಟಪ್ ಎಂದು ತೆರೆಯಿತು.

ಭಾಮೈದ ಓಡಿ ಬಂದ. ಅಲ್ಲಿ ಎರಡು ಗುಂಡಿ ಇದ್ದವು. ಅವನು ಹಂದಿಯ ಗುಂಡಿಯ ಮುಂದೆ ನಿಂತ. ಆಳವಾಗಿತ್ತು. ಅಂಚು ನೇರವಾಗಿತ್ತು.

"ಭಾವ, ಅಬ್ಬಬ್ಬಾ! ಇದ ನಿಮ್ ಸಲಿಕೇಲಾ ತೋಡುದ್ದು?"

"ಹೂಂ" ಎಂದೆ.

ಅವನು ಆಚೆಯದನ್ನು ನೋಡಿದ. "ಮತ್ತೆ ಇದ್ಯಾರು ಇಂಗೆ ಕೆರ್ದಿರೋದು?"

"ಹಂದಿ."

ಪೂಜೆಯಲ್ಲಿದೆ

ಕರ್ನಲ್ ಸಾಹೇಬರು ದಸರಾಕ್ಕೆ ಮೈಸೂರಿಗೆ ಬಂದವರು ನಮ್ಮ ಮನೆಗೆ ಬರಲು ಒಂದು ದಿನ ಹೇಳಿದರು. ಆಗಲಿ ಎಂದೆ. ಅದು ಆಯುಧಪೂಜೆಯ ದಿನವೇ ಎಂದು ಲೆಕ್ಕ ಹಾಕಲಿಲ್ಲ.

ಅಂದು ಬೆಳಿಗ್ಗೆ ಸ್ನಾನ ಮಾಡಿ ಶೆಡ್ಡಿಗೆ ಹೋದೆ. ಮಣೆಯ ಮೇಲೆ ಸಲಿಕೆ. ಅದಕ್ಕೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಮುಂದೆ ಬಾಳೆಹಣ್ಣು, ಊದಿನಕಡ್ಡಿ. ಪಕ್ಕದಲ್ಲಿ ಈಳಿಗೆಮಣೆ, ಮಿಕ್ಸಿ, ನನ್ನ ಡ್ರಿಲ್ಲು. ಕೈ ಹಾಕಿದೆ.

"ಮುಟ್ಬ್ಯಾಡಿ!" ಹೆಂಡತಿ ಹಿಂದಿನಿಂದ ಕೂಗಿದಳು. "ಪೂಜೆಗೆ ಇಟ್ಟುದ್ದ ನಾಳೆ ಎತ್ತದು."

"ಸಾಹೇಬರು ಬರ್ತಿದ್ದಾರೆ."

"ಬರ್ಲಿ. ಕೈ ಮುಗ್ಕಂಡು ಓಗ್ಲಿ."

"ಅದು ಸಲಿಕೆ ಕಣೆ. ಆಯುಧ ಅಲ್ಲ."

"ಸಲಿಕೆಗೂ ಪೂಜೆ ಅದೆ, ಕತ್ತಿಗೂ ಪೂಜೆ ಅದೆ. ನಿಮ್ದು ಎರಡೂ ಅಂತೀರಲ್ಲ. ಅದ್ಕೇ ಎರಡು ಹಾರ ಹಾಕಿವ್ನಿ."

ನೋಡಿದೆ. ಎರಡಿತ್ತು.

ಸಾಹೇಬರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಬೂಟು ಬಿಚ್ಚಿ ಸಲಿಕೆಗೆ ಕೈ ಮುಗಿದರು. "ನೋಡೋಕೆ ಚೆನ್ನಾಗಿದೆ. ಎತ್ತಿ ತೋರಿಸಿ."

"ಆಗಲ್ಲ ಸಾರ್. ಪೂಜೆಯಲ್ಲಿದೆ."

ಅವರು ನನ್ನ ಹೆಂಡತಿಯ ಕಡೆ ನೋಡಿದರು. ಯುದ್ಧ ಕಂಡವರು. ಒಂದು ಹೆಜ್ಜೆ ಹಿಂದೆ ಸರಿದರು.

ಶೆಡ್ಡು ಕೈ ತಪ್ಪುತ್ತಿದೆ ಎನ್ನಿಸಿತು. ಆಗ ಸೌದೆಯ ಅಡಿಯ ಮೊದಲ ಸಲಿಕೆ ನೆನಪಾಯಿತು. ಅದಕ್ಕೆ ಪೂಜೆ ಆಗಿರಲಿಲ್ಲ. ಎಳೆದು ತಂದೆ. ದೃಷ್ಟಿ ತೆಗೆಯಲು ಬಾಗಿಲಲ್ಲಿ ಬೂದುಗುಂಬಳ ಇಟ್ಟಿದ್ದಳು. ಅದರ ತಲೆಯಲ್ಲಿ ತೂತು ಕೊರೆದು, ಒಳಗೆ ಕುಂಕುಮ ಸುಣ್ಣ ಕಲಸಿ ತುಂಬಿದ್ದಳು. ಹೇಗೂ ಅದನ್ನು ಒಡೆಯಲೇಬೇಕು. ಗಾತ್ರವೂ ಶತ್ರುವಿನ ತಲೆಯಷ್ಟೇ.

"ಸಾರ್, ಹತ್ತಿರದಿಂದ ನೋಡಿ" ಎಂದೆ.

ಅವರು ಹತ್ತಿರದಿಂದಲೇ ನೋಡಿದರು. ಬಗ್ಗಿ, ಕನ್ನಡಕ ಸರಿ ಮಾಡಿಕೊಂಡು, ಕೀಲನ್ನೇ. ನಾನು ಪಲ್ಟನ್ನಿನ ಕೂಗು ಕೂಗಿ ಬೀಸಿದೆ. ಸಲಿಕೆ ಕುಂಬಳದೊಳಗೆ ಇಳಿಯಿತು. ಸಡಿಲ ಕೀಲು ಮಡಿಸಿಕೊಂಡಿತು. ಅರ್ಧ ಕುಂಬಳವನ್ನು ಕಚ್ಚಿಕೊಂಡು ಮೇಲೆದ್ದು ಸಾಹೇಬರ ಎದೆಗೆ ಹೋಗಿ ಬಡಿಯಿತು. ನೆತ್ತಿಯಿಂದ ಸೊಂಟದವರೆಗೆ ಕೆಂಪು.

"ಸಾರ್" ಎಂದೆ.

ಅವರು ಕನ್ನಡಕ ತೆಗೆದರು. ಕಣ್ಣಿನ ಸುತ್ತ ಮಾತ್ರ ಬಿಳಿ. "ಹೊಡೆತ ಚೆನ್ನಾಗಿದೆ ಹವಾಲ್ದಾರ್. ಶತ್ರು ಯಾವ ಕಡೆ ಇರ್ತಾನೆ ಅನ್ನೋದನ್ನ ಇನ್ನೂ ಸ್ವಲ್ಪ ಯೋಚನೆ ಮಾಡಿ."

ಕಾರಿನವರೆಗೆ ಬಿಡಲು ಹೋದೆ. ಬೇರೆ ದಿನವಾಗಿದ್ದರೆ ರಕ್ತ ಎಂದು ಬೀದಿ ಸೇರುತ್ತಿತ್ತು. ಅಂದು ಎಲ್ಲರ ಬಾಗಿಲೂ ಕೆಂಪು. ಎದುರುಮನೆಯವನು ಟೆಂಪೋಗೆ ಹಾರ ಕಟ್ಟುತ್ತಿದ್ದ. ಸಾಹೇಬರನ್ನು ಮೇಲಿಂದ ಕೆಳಗೆ ನೋಡಿ ಮೆಚ್ಚಿಕೊಂಡ. "ಒಳ್ಳೆ ದೃಷ್ಟಿ ತೆಗ್ದವ್ರೆ ಬುಡಿ ಸಾ. ಒಂದೊರ್ಸ ಯಾವ ಪೀಡೇನೂ ತಟ್ಟಲ್ಲ."

ಸಂಜೆ ಭಾಮೈದ ಹಸು ಹೊಡೆದುಕೊಂಡು ಬಂದ. ನಾನು ವೈಸು ಕಳಚಿದೆ.

ಮಾರನೆಯ ದಿನ ಹೆಂಡತಿ ಪೂಜೆ ತೆಗೆದಳು. ಶೆಡ್ಡಿನಲ್ಲಿ ಗೂಟ ಇರಲಿಲ್ಲ. ಸಲಿಕೆ ಎತ್ತಿಕೊಂಡು ಚಿಲಕ ಒತ್ತಿದಳು. ಒಂದೇ ಸಲಕ್ಕೆ ತೆರೆಯಿತು. ನೆಟ್ಟಗೆ ನಿಲ್ಲಿಸಿ, ಗುಂಡುಕಲ್ಲಿನಿಂದ ನೆಲಕ್ಕೆ ಬಡಿದು, ಹಸು ಕಟ್ಟಿದಳು.

ವಾರ ಕಳೆದ ಮೇಲೆ ಬೆಳಿಗ್ಗೆಯೇ ಸಾಹೇಬರ ಫೋನು. ನಾನು ಶೆಡ್ಡಿನ ಬಾಗಿಲಲ್ಲೇ ಇದ್ದೆ. "ಹವಾಲ್ದಾರ್, ಕಂಪನಿಯವರಿಗೆ ಹೇಳಿದೆ. ಆ ಕುಂಬಳಕಾಯಿಯದ್ದಲ್ಲ, ಪೂಜೆಗೆ ಇಟ್ಟಿದ್ರಲ್ಲ, ಅದನ್ನ ನೋಡಬೇಕಂತೆ. ನೆಲದಲ್ಲಿ ನೆಟ್ಟರೆ ಎಷ್ಟು ಎಳೆತ ತಡೀತದೆ ಅಂತ ಕೇಳ್ತಿದ್ದಾರೆ."

"ಒಂದು ಹಸು ಸಾರ್."

"ಪರೀಕ್ಷೆ ಮಾಡಿದ್ರಾ?"

"ನಡೀತಾ ಇದೆ ಸಾರ್."

"ಸರಿ. ಇವತ್ತೇ ಕಿತ್ತು, ಮಡಿಸಿ, ಮೈಸೂರಿನ ಬಸ್ಸಿಗೆ ಹಾಕಿ."

ಶೆಡ್ಡು ವಾಪಸು ಬಂತು ಎಂದುಕೊಂಡೆ. ಫೋನು ಕಿವಿಯಲ್ಲೇ ಇಟ್ಟುಕೊಂಡು ಒಂದು ಹೆಜ್ಜೆ ಒಳಗಿಟ್ಟೆ. ಹೆಂಡತಿ ಹಸುವಿನ ಕೆಚ್ಚಲ ಬಳಿ ಕೂತಿದ್ದಳು. ಕರೆಯುವ ಕೈ ನಿಲ್ಲಲಿಲ್ಲ, ತಲೆಯೂ ಎತ್ತಲಿಲ್ಲ.

"ಒಳಕ್ ಬರಬ್ಯಾಡಿ, ಬೆಚ್ಚುದ್ರೆ ಹಾಲಿಳ್ಸಲ್ಲ. ಮಿಲಿಟ್ರಿಯವ್ರಿಗೆ ಕಾಯಕ್ ಹೇಳಿ."