ರುಚಿ ನೋಡಿದರೆ ತಿಂದಂತಲ್ಲ

ನಮ್ಮ ಸೋದರಮಾವನಷ್ಟು ಶಿಸ್ತಿನ ಸಕ್ಕರೆ ಕಾಯಿಲೆಯವರು ಇಡೀ ವಿಜಯಪುರ ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ! ವೈದ್ಯರ ಒಂದು ಮಾತನ್ನೂ ಅವರು ಮೀರಿದವರಲ್ಲ. ಮೀರದೆಯೇ ಕೆಟ್ಟರು.

ಟಿಕೋಟಾದಲ್ಲಿ ಅವರದು ಒಣದ್ರಾಕ್ಷಿ ವ್ಯಾಪಾರ. ಕಾಯಿಲೆ ಗೊತ್ತಾದಾಗ, ಅದನ್ನು ನಾವೇ ಸಂಭಾಳಿಸಿಕೊಳ್ಳುವುದು ಹೇಗೆಂದು ಕಲಿಸುವ ತರಗತಿಯೊಂದಕ್ಕೆ ಅವರನ್ನು ವಿಜಯಪುರಕ್ಕೆ ಕರೆದೊಯ್ದವನು ನಾನೇ. ನಾನೇ ಇರಬೇಕು. ವಿಶ್ವವಿದ್ಯಾಲಯ ನನಗೆ ಎಲ್ಲವನ್ನೂ ಸಂಶಯಿಸಲು ಕಲಿಸಿತು. ಆ ಸಂಶಯ ಈಗ ನನ್ನ ನೆನಪಿನ ಮೇಲೇ ತಿರುಗಿಬಿದ್ದಿದೆ. ತಾಟಿನ ಅರ್ಧ ಕಾಯಿಪಲ್ಲೆ, ಕಾಲುಭಾಗ ಬೇಳೆ, ಕಾಲುಭಾಗ ರೊಟ್ಟಿ ಎಂದು ಅಲ್ಲಿ ಹೇಳಿಕೊಟ್ಟರು. ಮರುದಿನ ಹೋಗಿ ನೋಡಿದರೆ ಮಾವ ಊಟಕ್ಕೆ ಕೂತದ್ದು, ಅತ್ತೆ ರೊಟ್ಟಿ ಹಿಟ್ಟು ನಾದುವ ಪರಾತದ ಮುಂದೆ!

"ಮಾವ, ಇದೇನ್ರಿ?"

"ಕಾಲುಭಾಗ ರೊಟ್ಟಿ ಅಂದಾರ. ನೋಡಲೇ, ಗೆರಿ ದಾಟೇತೇನು?"

"ತಾಟು ಅಂದಾರ್ರಿ, ಪರಾತ ಅಂದಿಲ್ಲ!"

"ಎಷ್ಟು ದೊಡ್ಡ ತಾಟು ಅಂತ ನೀ ಯಾಕ ಕೇಳಲಿಲ್ಲ? ಇಷ್ಟು ಓದಿದಾಂವ!"

ಒಳಗಿನಿಂದ ಅತ್ತೆಯ ದನಿ: "ಯಪ್ಪಾ, ಇನ್ನ ನಾ ಹಿಟ್ಟು ಎಲ್ಲಿ ನಾದ್ಲಿ, ನಿಮ್ಮ ಮಾವನ ತಲಿ ಮ್ಯಾಲ?"

ರಕ್ತ ಪರೀಕ್ಷೆ ಹತ್ತಿರ ಬಂತೆಂದರೆ ಮಾವ ಬರೀ ಮಜ್ಜಿಗೆ ಕುಡಿದು ಇರುತ್ತಿದ್ದರು. ಸಕ್ಕರೆ ಇಳಿದಿದೆ ಎಂದು ತಿಳಿದ ಕೂಡಲೇ ಬಬಲೇಶ್ವರದ ಸಂತೆಗೆ ಹೋಗಿ ಜಿಲೇಬಿ! "ಪಾಸಾದಾಂವ ಬಾಯಿ ಸಿಹಿ ಮಾಡಬಾರದೇನು?" ಕೊನೆಗೆ ವೈದ್ಯರು ಹಿಂದಿನ ತಿಂಗಳುಗಳ ಸರಾಸರಿ ತೋರಿಸುವ ಪರೀಕ್ಷೆ ಮಾಡಿಸಿದರು. ಮಾವ ಉರಿದುಬಿದ್ದರು. "ಹಿಂದಿಂದೆಲ್ಲ ಕೆದಕತಾರಲೇ! ಇದು ಪರೀಕ್ಷೆ ಅಲ್ಲ, ಚಾಡಿ!"

ಇನ್ನು ವ್ಯಾಪಾರ. ಒಣದ್ರಾಕ್ಷಿಯನ್ನು ಬಾಯಿಗೆ ಹಾಕದೆ ಅವರು ದರ ಹೇಳಿದವರಲ್ಲ. ಚೀಲಕ್ಕೊಂದು ಹಿಡಿ.

"ಮತ್ತ ತಿನ್ನಾಕತ್ತೀರಲ್ರಿ!"

"ತಿನ್ನೂದಲ್ಲಲೇ, ರುಚಿ ನೋಡೂದು. ತಿಂದದ್ದು ಹೊಟ್ಟಿಗಿ ಹೋಗತೈತಿ, ಇದು ಧಂದೆಕ್ಕ ಹೋಗತೈತಿ."

ತಿಳಿಹೇಳಿದೆ, ಜಗಳವಾಡಿದೆ, ಮಾತು ಬಿಟ್ಟೆ. ಒಮ್ಮೆ ಕೈಮುಗಿದೆ ಕೂಡ. ಮುಗಿದ ಕೈಗೇ ನಾಲ್ಕು ದ್ರಾಕ್ಷಿ ಇಟ್ಟರು.

ಆಮೇಲೆ ಚಪ್ಪಲಿ ಕಾಲಿಗೆ ಕಚ್ಚಿತು. ಮಾವನಿಗೆ ಅದು ಗೊತ್ತೇ ಆಗಲಿಲ್ಲ. "ಒಂದೀಟೂ ನೋವಿಲ್ಲ ನೋಡು, ಗಟ್ಟಿ ಜೀವ!" ಎಂದು ಹೆಮ್ಮೆಪಟ್ಟರು. ನೋವು ಗೊತ್ತಾಗದಿರುವುದೇ ಅಪಾಯ, ಸಕ್ಕರೆ ಕಾಲಿನ ನರಗಳನ್ನು ಕೊಂದಿದೆ ಎಂದರ್ಥ. ಗಾಯ ಕೊಳೆತು ಕಾಲಿನ ಹೆಬ್ಬೆರಳು ಹೋಯಿತು. ಪಾದ ಉಳಿಯುತ್ತದೆಂದು ಈಗ ಯಾವ ವೈದ್ಯರೂ ಮಾತು ಕೊಡುತ್ತಿಲ್ಲ.

ಮೊನ್ನೆ ಅಂಗಡಿಗೆ ಹೋದಾಗ, ಪಟ್ಟಿ ಸುತ್ತಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ರೈತರೊಬ್ಬರು ಹೊಸ ಮಾಲು ತಂದಿದ್ದರು. ಮಾವ ಚೀಲಕ್ಕೆ ಕೈಹಾಕಿ ಹಿಡಿ ತೆಗೆದರು. ನಾನು ಬೈಯಲು ಬಾಯಿ ತೆರೆದೆ. ಹಿಡಿ ನನ್ನ ಕಡೆ ಬಂತು.

"ತಗೋ. ನೀ ನೋಡಿ ಹೇಳು."

"ನನಗೇನ ತಿಳೀತೈತ್ರಿ, ಮಾವ?"

"ಸಾವಕಾಶ ಅಗಿಯಪ್ಪಾ. ಕಡೀಕ ಹುಳಿ ಬರತೈತೇನು?"

ಅಗಿದೆ. ಹುಳಿಯಿತ್ತೋ ಇಲ್ಲವೋ ನೆನಪಿಲ್ಲ. ಏನು ಹೇಳಿದೆನೋ ಅದೂ ನೆನಪಿಲ್ಲ. ಒಂದು ಮಾತ್ರ ಸಂಶಯಕ್ಕೂ ಜಗ್ಗದೆ ಉಳಿದಿದೆ: ನನ್ನ ಬಾಯನ್ನೇ ನೋಡುತ್ತ ಮಾವನೂ ಅಗಿಯುತ್ತಿದ್ದರು, ಬರಿಯ ಬಾಯಿ.