ಅಳಿಯನ ಬ್ರೇಕು

ಪ್ರಮೋದನ ಬೈಕಿನ ಹಿಂದಿನ ಬ್ರೇಕು ಹಿಡಿಯುವುದಕ್ಕಿಂತ ಹೆಚ್ಚು ಕೂಗುತ್ತಿತ್ತು. ಎಕ್ಕಂಬಿಯ ಹಾಲಿನ ಡೇರಿಯ ತಿರುವಿನಲ್ಲಿ ಅವನು ಪೆಡಲ್ ತುಳಿದರೆ ಮೊದಲು ಒಂದು ಕಿರುಚು, ಆಮೇಲೆ ಡೇರಿಯ ಮುಂದೆ ಮಲಗಿದ ನಾಯಿ ಎದ್ದು ದಾರಿ ಬಿಡುವುದು, ಅದಾದ ಮೇಲೆ ಯಾವಾಗಲೋ ಗಾಡಿ ನಿಲ್ಲುವುದು. ಡೇರಿಯ ಸೆಕ್ರೆಟರಿಯಾದ ಅವನಿಗಾಗಲೀ ನಾಯಿಗಾಗಲೀ ಇದರಿಂದ ತೊಂದರೆಯೇನೂ ಆಗಿರಲಿಲ್ಲ. ಮುಂದಿನ ಬ್ರೇಕನ್ನಂತೂ ಗಾಡಿ ಕೊಂಡಂದಿನಿಂದ ಅವನು ಮುಟ್ಟಿರಲಿಲ್ಲ. ಮುಂದಿನದನ್ನು ಹಿಡಿದರೆ ಗಾಡಿ ಪಲ್ಟಿ ಹೊಡೆಯುತ್ತದೆ ಎಂದು ಯಾರೋ ಹೇಳಿದ್ದರು. ಹೇಳಿದವರು ಯಾರೆಂದು ಮರೆತಿದ್ದರೂ ಪಲ್ಟಿ ಮಾತ್ರ ಮನಸ್ಸಿನಲ್ಲಿ ಉಳಿದಿತ್ತು.

ತೊಂದರೆ ಶುರುವಾದದ್ದು ಹಿಂದಿನ ಸೀಟಿಗೆ ಜನ ಬಂದ ಮೇಲೆ. ಈ ಬೇಸಿಗೆಯಲ್ಲಷ್ಟೇ ಮದುವೆಯಾಗಿ ಬಂದ ಸೌಮ್ಯಳನ್ನು ಹೋದ ವಾರ ಬನವಾಸಿ ಕಡೆಯ ಒಂದು ಗೃಹಪ್ರವೇಶಕ್ಕೆ ಕರೆದೊಯ್ಯುತ್ತಿದ್ದಾಗ, ಇಳಿಜಾರಿನ ಕೊನೆಯಲ್ಲಿ ಎಮ್ಮೆಗಳು ಅಡ್ಡ ಬಂದವು. ಅವುಗಳನ್ನು ತಪ್ಪಿಸಲು ಹೋದ ಬೈಕು ಅವು ಎದ್ದು ಬಂದಿದ್ದ ಹೊಂಡಕ್ಕೇ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಮದುವೆಯ ರೇಷ್ಮೆ ಸೀರೆ ಮಾತ್ರ ಮೊಣಕಾಲಿನವರೆಗೆ ಎಮ್ಮೆಯ ಬಣ್ಣಕ್ಕೆ ತಿರುಗಿತು. ಸೌಮ್ಯ ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ. ಬಸ್ಸು ಹಿಡಿದು ಮನೆಗೆ ಬಂದು, ಸೀರೆ ಒಗೆದು ಒಣಹಾಕಿ, ಮಾರನೆಯ ದಿನ ಮಾಗೋಡಿನ ತವರಿಗೆ ಹೊರಟಳು.

"ನಿಮ್ಮ ಗಾಡಿ ಬ್ರೇಕು ಸರಿ ಆಗೂವರೆಗೆ ನಾ ಬರೂದಿಲ್ಲ" ಎಂದಳು. "ಆದ ಮೇಲೆ ತಂದು ತೋರಿಸಿ."

ಪ್ರಮೋದನ ಅಪ್ಪ ಅಮ್ಮ ದಾಂಡೇಲಿಯ ಅಣ್ಣನ ಮನೆಯಲ್ಲಿದ್ದರು. ಹೀಗಾಗಿ ಒಂದು ವಾರ ಅವನಿಗೆ ತಾನೇ ಮಾಡಿದ ಅನ್ನ, ತಾನೇ ಕಾಯಿಸಿ ಉಕ್ಕಿಸಿದ ಹಾಲು. ಊರಿಗೆಲ್ಲ ಹಾಲು ಅಳೆಯುವವನ ಮನೆಯಲ್ಲಿ ಮೊಸರು ಹೆಪ್ಪಾಗಲಿಲ್ಲ. ಅದೆಲ್ಲ ಹೋಗಲಿ, ರಾತ್ರಿ ಊಟಕ್ಕೆ ಕೂತಾಗ ಎದುರಿಗೆ ಖಾಲಿ ಮಣೆ ಕಾಣುತ್ತಿತ್ತು. ಫೋನು ಮಾಡಿದರೆ ಸೌಮ್ಯ ಊಟ ಆಯ್ತಾ ಎಂದು ಕೇಳುವ ಬದಲು ಬ್ರೇಕು ಆಯ್ತಾ ಎಂದು ಕೇಳುತ್ತಿದ್ದಳು.

ಕೊನೆಗೆ ಒಂದು ದಿನ ಅವನು ನಿಶ್ಚಯ ಮಾಡಿದ. ಬೆಳಗಿನ ಹಾಲು ಅಳೆದು ಮುಗಿಸುವುದು, ಶಿರಸಿಗೆ ಹೋಗಿ ಬ್ರೇಕು ಮಾಡಿಸುವುದು, ಅಲ್ಲಿಂದ ನೇರ ಮಾಗೋಡಿಗೆ ಹೋಗಿ ಹೆಂಡತಿಯನ್ನು ಕರೆತರುವುದು. ನಿಶ್ಚಯಿಸಿ ಸುಮ್ಮನಿರಬೇಕಿತ್ತು. ಹಾಲಿನ ಸಾಲಿನ ಎದುರು ಬಾಯಿ ಬಿಟ್ಟ.

ಸಾಲಿನಲ್ಲಿದ್ದವರೆಲ್ಲ ಕ್ಯಾನು ಕೆಳಗಿಟ್ಟು ಬೈಕಿನ ಸುತ್ತ ನಿಂತರು. ಹಸು ಕರು ಹಾಕುವಾಗ ಮಾತ್ರ ಆ ಜನ ಹಾಗೆ ನಿಲ್ಲುವುದು. ಮೊದಲು ಕೈಹಾಕಿದವನು ಪಕ್ಕದ ಮನೆಯ ಸುಭಾಷ. ಅವನಿಗೆ ಸ್ವಂತ ಟ್ರ್ಯಾಕ್ಟರ್ ಇತ್ತು. ಟ್ರ್ಯಾಕ್ಟರಿಗಿಂತ ಚಿಕ್ಕದಾದ ಗಾಡಿಗಳೆಲ್ಲ ಅದರ ಮರಿಗಳು ಎಂದು ಅವನು ತಿಳಿದಿದ್ದ. ಇಷ್ಟಕ್ಕೆ ಶಿರಸಿತನಕ ಯಾಕೆ ಎನ್ನುತ್ತ ಪಾನಾ ತಂದು, ಹಿಂದಿನ ಚಕ್ರದ ಹತ್ತಿರ ಬ್ರೇಕಿನ ಸರಳಿನ ತುದಿಯಲ್ಲಿದ್ದ ನಟ್ಟನ್ನು ತಿರುಗಿಸುತ್ತ ಹೋದ. ನಟ್ಟು ಬೇಡ ಎನ್ನುವವರೆಗೂ ತಿರುಗಿಸಿದ. ಪ್ರಮೋದ ಗಾಡಿ ತಳ್ಳಿ ನೋಡಿದರೆ ಅದು ನೆಟ್ಟ ಕಂಬದಂತೆ ನಿಂತಿತು.

"ನೋಡು, ಹೆಂಗ ಹಿಡದೈತಿ ಬ್ರೇಕು" ಎಂದ ಸುಭಾಷ.

"ಬಿಡವಲ್ದಲ್ಲೋ ಮಾರಾಯ."

"ಹಿಡೀಬೇಕಂದಿ, ಹಿಡಿಸೇನಿ. ಬಿಡಬೇಕಂತ ಮೊದ್ಲ ಹೇಳಬೇಕಿತ್ತು."

ನಟ್ಟನ್ನು ಮತ್ತೆ ಸಡಿಲಿಸಿದ್ದಾಯಿತು. ಚಕ್ರ ತಿರುಗಿತು, ಕಿರುಚೂ ಮರಳಿ ಬಂತು. ಆಗ ಎದುರು ಮನೆಯ ಗಿರಿಜವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಅವಳ ಕೈಯಲ್ಲಿ ಕೊಬ್ಬರಿ ಎಣ್ಣೆಯ ಗಿಂಡಿ. ಮೊಣಕಾಲು ನೋವಿನಿಂದ ಹಿಡಿದು ಮಗುವಿನ ಹಟದವರೆಗೆ ಎಲ್ಲಕ್ಕೂ ಅವಳು ಆ ಗಿಂಡಿಯಿಂದಲೇ ಉಪಚಾರ ಮಾಡುತ್ತಿದ್ದಳು.

"ಏ ತಮ್ಮಾ, ಬಾಗ್ಲ ಕಿರ್ ಅಂದ್ರ ಏನ್ ಮಾಡ್ತಿ? ಎಣ್ಣಿ ಬಿಡ್ತಿ ಹೌದಲ್ಲೋ? ಇದಕ್ಕೂ ಅಷ್ಟ."

ಹಿರಿಯಳ ಕೈ ಹಿಡಿದು ತಡೆಯುವ ಧೈರ್ಯ ಪ್ರಮೋದನಿಗೆ ಆಗಲಿಲ್ಲ. ಬ್ರೇಕಿನ ಡಬ್ಬಿಯೊಳಕ್ಕೆ ಸರಳು ಹೋಗುವ ಸಂದಿ ನೋಡಿ ಗಿರಿಜವ್ವ ಧಾರಾಳವಾಗಿ ಎಣ್ಣೆ ಬಿಟ್ಟಳು. ಒಳಗೆ ಯಾರೋ ಹಸಿದು ಕೂತಿದ್ದಾರೆ ಎನ್ನುವ ಹಾಗೆ ಬಿಟ್ಟಳು. ಪ್ರಮೋದ ಡೇರಿಯ ಅಂಗಳದಲ್ಲಿ ಎರಡು ಸುತ್ತು ಹೊಡೆದ. ಕಿರುಚು ಅಡಗಿಹೋಗಿತ್ತು. ಎಲ್ಲರೂ ತಲೆದೂಗಿದರು. ಗಾಡಿ ಬೆಣ್ಣೆಯ ಹಾಗೆ ಜಾರುತ್ತದೆ ಎಂದು ಒಬ್ಬರು ಹೊಗಳಿದರು. ಜಾರುವುದು ಬ್ರೇಕಿಗೆ ಒಳ್ಳೆಯ ಗುಣವಲ್ಲ ಎಂದು ಯಾರಿಗೂ ಹೊಳೆಯಲಿಲ್ಲ.

ಅದು ಪ್ರಮೋದನಿಗೆ ಹೊಳೆದದ್ದು ಶಿರಸಿ ರಸ್ತೆಯ ಮೊದಲ ಇಳಿಜಾರಿನಲ್ಲಿ. ಕೆಳಗೆ ರಸ್ತೆಯ ಬದಿಗೆ ಅನಂತಮೂರ್ತಿ ಮಾಸ್ತರರು ಕೊಡೆ ಎತ್ತಿ ಕೈಮಾಡುತ್ತಿದ್ದರು. ಅವನಿಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಪ್ರಮೋದ ಪೆಡಲ್ ತುಳಿದ. ಸದ್ದಿಲ್ಲ. ಇನ್ನೂ ಬಲವಾಗಿ ತುಳಿದ. ವೇಗವೂ ಕಡಿಮೆಯಾಗಲಿಲ್ಲ. ಬೇರೇನೂ ತೋಚದೆ, ಒಂದು ಕೈ ಬಿಟ್ಟು ಗುರುಗಳಿಗೆ ನಮಸ್ಕಾರ ಮಾಡಿ ಮುಂದೆ ಹೋದ. ಗಾಡಿ ನಿಂತದ್ದು ಆಚೆ ರಸ್ತೆ ಕೆಲಸಕ್ಕೆ ಸುರಿದಿದ್ದ ಜಲ್ಲಿಯ ರಾಶಿಯ ಮೇಲೆ.

ಮಾಸ್ತರರು ಸಾವಕಾಶ ನಡೆದು ಬಂದರು. ಮುಖ ಕೆಂಪಾಗಿತ್ತು.

"ಎಂತದಾ ತಮಾ, ಕೈಮಾಡಿದ್ರೂ ನಿಲ್ಲಿಸದ ಹಾಗೆ ನಾನು ಎಂತ ಮಾಡಿದೆ ನಿಂಗೆ? ಶಾಲೆಲಿ ಹೊಡೆದದ್ದಕ್ಕೆ ಇನ್ನೂ ಸಿಟ್ಟಿದ್ಯಾ?"

ಪ್ರಮೋದ ಬ್ರೇಕಿನ ಕತೆಯನ್ನು ಎಣ್ಣೆಯ ಸಮೇತ ಹೇಳಿದ. ಮಾಸ್ತರರು ಎಲ್ಲ ಕೇಳಿ, ಎಲ್ಲ ಅರ್ಥವಾದವರಂತೆ ತಲೆಯಾಡಿಸಿ, ಹಿಂದೆ ಹತ್ತಿ ಕುಳಿತರು. ಬ್ರೇಕು ಇಲ್ಲದಿರುವುದು ನಿಲ್ಲಿಸುವುದಕ್ಕೆ ತಾನೇ ತೊಂದರೆ, ಹೋಗುವುದಕ್ಕೆ ಏನು ಎಂಬುದು ಅವರ ಲೆಕ್ಕ. ಅಲ್ಲಿಂದ ಶಿರಸಿಯವರೆಗೆ ಏರಿನಲ್ಲಿ ಗಾಡಿ ಅವರಿಬ್ಬರನ್ನು ಹೊತ್ತಿತು. ಇಳಿಜಾರಿನಲ್ಲಿ ಅವರಿಬ್ಬರು ಗಾಡಿಯನ್ನು ಹಿಡಿದುಕೊಂಡು ನಡೆದರು. ಪ್ರಮೋದ ಹ್ಯಾಂಡಲ್ ಹಿಡಿದಿದ್ದರೆ ಮಾಸ್ತರರು ಸೀಟಿನ ಹಿಂದಿನ ಸರಳು ಹಿಡಿದು, ಸಂತೆಗೆ ಹೊರಟ ಹೋರಿಯನ್ನು ಜಗ್ಗುವಂತೆ ಜಗ್ಗುತ್ತಿದ್ದರು. ಅವರು ಹತ್ತಬಹುದಾಗಿದ್ದ ಬಸ್ಸು ನಡುವೆ ದಾಟಿ ಹೋಯಿತು. ಕಿಟಕಿಯಲ್ಲಿದ್ದವರಿಗೆಲ್ಲ ಮಾಸ್ತರರು ಪ್ರಮೋದನ ಹೆಂಡತಿ ಯಾಕೆ ತವರಿಗೆ ಹೋದಳೆಂದು ಕೂಗಿ ಹೇಳಿದರು.

ಶಿರಸಿಯಲ್ಲಿ ಮಾಸ್ತರರು ತಮ್ಮ ದಾರಿ ಹಿಡಿದರು. ಮೆಕ್ಯಾನಿಕ್ ವೈಭವ ಚಕ್ರ ಕಳಚಿ, ಬ್ರೇಕಿನ ಡ್ರಮ್ಮು ಬಿಚ್ಚಿ, ಮೂಗು ಹತ್ತಿರ ತಂದ.

"ಎಂತ ಸಾರ್, ಗಾಡಿಗೆ ಎಣ್ಣೆ ಸ್ನಾನ ಮಾಡ್ಸಿದ್ರಾ?"

ಗ್ಯಾರೇಜಿನಲ್ಲಿ ಕಾಯುತ್ತ ಕುಳಿತಿದ್ದ ಗಿರಾಕಿಗಳೆಲ್ಲ ಎದ್ದು ಬಂದು ಒಬ್ಬೊಬ್ಬರಾಗಿ ಮೂಸಿದರು. ಡ್ರಮ್ಮಿನೊಳಗೆ ಅರ್ಧ ಚಂದ್ರದಂಥ ಎರಡು ಶೂ ಇರುತ್ತವೆ, ಅವು ಉಜ್ಜಿದರೇ ಗಾಡಿ ನಿಲ್ಲುವುದು, ಎಣ್ಣೆ ಕುಡಿದ ಶೂವನ್ನು ಎಷ್ಟು ಒರೆಸಿದರೂ ಬರ್ಕತ್ತಿಲ್ಲ, ಹೊಸದೇ ಆಗಬೇಕು ಎಂದು ವೈಭವ ಹೇಳಿದ. ಯಾವ ಹೊಸದು ಎಂಬಲ್ಲಿ ಇಡೀ ಗ್ಯಾರೇಜಿಗೆ ಜೀವ ಬಂತು. ಒಬ್ಬರು ಡ್ರಮ್ಮನ್ನೇ ಕಿತ್ತೆಸೆದು ಡಿಸ್ಕು ಹಾಕಿಸಿ ಎಂದರು. ಅವರ ಅಳಿಯ ಹಾಗೇ ಮಾಡಿದ್ದನಂತೆ. ಆಮೇಲೆ ಆ ಗಾಡಿ ಏನಾಯಿತು ಎಂದು ಕೇಳಿದರೆ ಅಳಿಯ ಈಗ ಕಾರು ತಗೊಂಡಿದ್ದಾನೆ ಎಂದರು. ಇನ್ನೊಬ್ಬರು ಜನ್ಮದಲ್ಲಿ ಸವೆಯದ ಗಟ್ಟಿ ಶೂ ಒಂದು ಬಂದಿದೆ, ಅದನ್ನೇ ಹಾಕಿಸಬೇಕೆಂದು ಪಟ್ಟು ಹಿಡಿದರು. ಪ್ರಮೋದನಿಗೂ ಅದೇ ಸರಿ ಕಂಡಿತು. ಒಮ್ಮೆ ಹಾಕಿಸಿಬಿಟ್ಟರೆ ಸಂಸಾರಕ್ಕೆ ಮತ್ತೆ ಈ ಗಂಡಾಂತರವಿಲ್ಲ.

"ಸವೀದೇ ಇರೋ ಶೂ ಡ್ರಮ್ ತಿಂತದೆ ಸಾರ್" ಎಂದ ವೈಭವ, ಫೋನಿನಿಂದ ಕಣ್ಣೆತ್ತದೆ. "ಎರಡರಲ್ಲಿ ಒಂದು ಸವೀಲೇಬೇಕು."

ಹೊಸದಾಗಿ ಮದುವೆಯಾದ ಪ್ರಮೋದನಿಗೆ ಈ ಮಾತು ಬರೀ ಬ್ರೇಕಿನದು ಎನ್ನಿಸಲಿಲ್ಲ. ಸವೆಯುವ ಶೂವನ್ನೇ ಹಾಕು, ಗಾಡಿ ಕಂಪನಿಯದೇ ಇರಲಿ ಎಂದ. ಅದು ಅಂಗಡಿಯಿಂದ ಬರುವಷ್ಟರಲ್ಲಿ ವೈಭವ ಎರಡು ಚಹಾ ಕುಡಿದ, ಬೇರೆಯವರ ಸ್ಕೂಟರ್ ಒಂದನ್ನು ಬಿಚ್ಚಿ ಹಾಗೇ ಬಿಟ್ಟ. ಮುಂದಿನ ಬ್ರೇಕಿನ ಕೇಬಲ್ ಮುಟ್ಟದೇ ಮುಟ್ಟದೇ ತುಕ್ಕು ಹಿಡಿದು ಒಣಗಿದ ಬಳ್ಳಿಯಾಗಿತ್ತು. ಅದನ್ನೂ ಬದಲಿಸಿದ. ಪೆಡಲ್ ತುಳಿಯುವಾಗ ಮೊದಲು ಸ್ವಲ್ಪ ಸಡಿಲ ಇರಬೇಕು, ಎರಡೂ ಬ್ರೇಕು ಒಟ್ಟಿಗೆ ಹಿಡಿಯಬೇಕು, ಹೊಸ ಶೂ ಕೂರುವವರೆಗೆ ಮೆಲ್ಲಗೆ ಹಿಡಿದು ಹಿಡಿದು ಹೋಗಬೇಕು ಎಂದು ಹೇಳಿ ಕಳಿಸಿದ. ಪಲ್ಟಿಯ ವಿಷಯ ಕೇಳಿದರೆ, ತಿರುವಿನಲ್ಲಿ ಗಬಕ್ಕನೆ ಹಿಡಿದರೆ ಬೀಳುತ್ತೀರಿ, ನೆಟ್ಟಗೆ ಹೋಗುವಾಗ ಹದವಾಗಿ ಹಿಡಿದರೆ ಏನೂ ಆಗದು ಎಂದ.

ಮಾಗೋಡಿಗೆ ಹೋಗುವ ಯಲ್ಲಾಪುರದ ದಾರಿಯುದ್ದಕ್ಕೂ ಪ್ರಮೋದ ಹಿಡಿದು ಹಿಡಿದು ಹೋದ. ಮೋರಿ ಕಂಡರೆ ಹಿಡಿದ, ಮೈಲುಗಲ್ಲು ಕಂಡರೆ ಹಿಡಿದ, ಏನೂ ಕಾಣದಿದ್ದರೆ ಅದಕ್ಕೂ ಒಮ್ಮೆ ಹಿಡಿದು ನೋಡಿದ. ಪ್ರತಿ ಸಲವೂ ಗಾಡಿ ನಿಂತಿತು. ಹಿಂದಿನಿಂದ ಬರುತ್ತಿದ್ದ ಕಾರಿನವನು ದಾಟಿ ಹೋಗುವಾಗ ಕಿಟಕಿ ಇಳಿಸಿ ಏನೋ ಅಂದ. ಪ್ರಮೋದನಿಗೆ ಅದು ಆಶೀರ್ವಾದದಂತೆ ಕೇಳಿಸಿತು.

ಮಾಗೋಡಿನಲ್ಲಿ ಅತ್ತೆಯ ಮನೆಗೆ ರಸ್ತೆಯಿಂದ ಕಡಿದಾದ ಇಳಿಜಾರು. ಅದರ ಬುಡದಲ್ಲಿ ಅತ್ತೆ ಸೀತಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. ಪ್ರಮೋದ ಉಸಿರು ಬಿಗಿಹಿಡಿದು ಗಾಡಿಯನ್ನು ಇಳಿಯಬಿಟ್ಟ. ಎರಡೂ ಬ್ರೇಕು ಹದವಾಗಿ ಹಿಡಿದ. ಮುಂದಿನ ಚಕ್ರ ಅತ್ತೆಯ ಹೆಬ್ಬೆರಳಿನಿಂದ ಒಂದು ಗೇಣು ಈಚೆಗೆ ನಿಂತಿತು. ಸೀತಮ್ಮ ಕದಲಿರಲಿಲ್ಲ. ಅದು ಬ್ರೇಕಿನ ಮೇಲಿನ ನಂಬಿಕೆಯೋ, ಅಳಿಯನಿಗೆ ಆಮೇಲೆ ಹೇಳಲು ಒಂದು ಮಾತು ಉಳಿಯಲಿ ಎಂಬ ಆಸೆಯೋ ತಿಳಿಯಲಿಲ್ಲ.

ಸೌಮ್ಯ ಒಳಗಿನಿಂದ ಬಂದಳು. ಅವಳ ಮುಖ ನೋಡಿದ್ದೇ ಪ್ರಮೋದನಿಗೆ ಬೆಳಗಿನಿಂದ ತಳ್ಳಿದ ದಾರಿಯೆಲ್ಲ ಮರೆತುಹೋಯಿತು. ಅವಳು ಪೆಡಲ್ ಒತ್ತಿ ನೋಡಿದಳು, ಕೈಬ್ರೇಕು ಹಿಡಿದು ನೋಡಿದಳು, ಆಮೇಲೆ ಕೀಲಿಗಾಗಿ ಕೈಚಾಚಿದಳು. ಚೂಡಿದಾರದ ವೇಲನ್ನು ಗಂಟು ಹಾಕಿಕೊಂಡು ಬೈಕು ಹತ್ತಿ, ಇಳಿಜಾರನ್ನು ಏರಿ ರಸ್ತೆಗೆ ಹೋಗಿ, ತಿರುಗಿಸಿಕೊಂಡು ಸರ್ರನೆ ಇಳಿದು, ಅವನು ನಿಲ್ಲಿಸಿದ್ದ ಜಾಗದಲ್ಲೇ ತಂದು ನಿಲ್ಲಿಸಿದಳು. ಅವಳಿಗೆ ಗಾಡಿ ಬರುತ್ತದೆಂದು ಪ್ರಮೋದನಿಗೆ ಗೊತ್ತಿರಲಿಲ್ಲ. ಅಪ್ಪನ ಬೈಕಿನಲ್ಲೇ ಕಾಲೇಜಿಗೆ ಹೋಗಿದ್ದೆಂದಳು. ಹೇಳಲಿಲ್ಲವಲ್ಲ ಎಂದರೆ, ನೀವು ಕೇಳಲಿಲ್ಲವಲ್ಲ ಎಂದಳು.

ಒಟ್ಟಿನಲ್ಲಿ ಬ್ರೇಕು ಪಾಸಾಯಿತು. ಸೀತಮ್ಮ ಬಾಳೆಲೆ ಹಾಕಿ ಪಾಯಸ ಬಡಿಸಿದರು. ಒಂದು ವಾರದ ಹಸಿವನ್ನೆಲ್ಲ ಒಟ್ಟುಮಾಡಿ ಉಂಡು, ಕೈತೊಳೆದು, ಕತ್ತಲೆಯಾಗುವುದರೊಳಗೆ ಎಕ್ಕಂಬಿ ಸೇರಬೇಕು, ಇನ್ನು ಹೊರಡೋಣ ಎಂದು ಅವನು ಸೌಮ್ಯಳ ಕಡೆ ನೋಡಿದ. ಸೌಮ್ಯ ಅಮ್ಮನ ಕಡೆ ನೋಡಿದಳು.

"ಎಲ್ಲಿಗೆ?" ಎಂದರು ಸೀತಮ್ಮ. "ಇವತ್ತು ಅಮಾಸೆ. ಅಮಾಸೆ ದಿವ್ಸ ಹೆಣ್ಣುಮಗಳನ್ನ ಕಳಿಸೂದುಂಟೆ? ನಾಳೆಯಿಂದ ಆಷಾಢ. ಮದುವೆಯಾದ ಮೊದಲ ಆಷಾಢ ಅವಳು ತವರಲ್ಲೇ ಇರಬೇಕು."

ಪ್ರಮೋದ ಒರೆಸಿದ ಕೈಯನ್ನೇ ಟವೆಲಿನಿಂದ ಮತ್ತೊಮ್ಮೆ ಒರೆಸಿಕೊಂಡ. ಬೆಳಿಗ್ಗೆ ಹಾಲಿನ ಸಾಲಿನಲ್ಲಿ ನಿಂತವರಿಗೆಲ್ಲ ಅಮಾವಾಸ್ಯೆ ಗೊತ್ತಿರಲೇಬೇಕು. ಆದರೆ ಕಣ್ಣೆದುರು ಕೆಟ್ಟ ಬ್ರೇಕು ಇರುವಾಗ ಪಂಚಾಂಗದ ಮಾತು ಯಾರಿಗೆ ನೆನಪಾದೀತು? ಬ್ರೇಕು ಸರಿಯಾದರೆ ಬರುತ್ತೇನೆ ಅಂದಿದ್ದೆಯಲ್ಲ ಎಂದು ಸೌಮ್ಯಳನ್ನು ಕೇಳಿದ. ದನಿ ಅವನಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ಸರಿ ಆಗೂವರೆಗೆ ಬರೂದಿಲ್ಲ ಅಂದಿದ್ದೆ. ಸರಿ ಆದ ದಿವ್ಸವೇ ಬರ್ತೆ ಅಂದಿದ್ನಾ?"

ಆಷಾಢಕ್ಕೆ ಹೇಗೂ ಕರೆಸಿಕೊಳ್ಳುವುದಿತ್ತು, ನೀವೇ ಒಂದು ವಾರ ಮೊದಲು ಕಳಿಸಿದಿರಿ, ದೊಡ್ಡ ಉಪಕಾರವಾಯಿತು ಎಂದರು ಸೀತಮ್ಮ. ಹಾಗಾದರೆ ತಾನೇ ಆಗಾಗ ಬಂದು ನೋಡಿಕೊಂಡು ಹೋಗುತ್ತೇನೆ ಎಂದ ಪ್ರಮೋದ. ಅದಕ್ಕೂ ಅವರು ತಲೆಯಾಡಿಸಿದರು. ಆಷಾಢದಲ್ಲಿ ಅಳಿಯ ಅತ್ತೆಮನೆಯ ಹೊಸ್ತಿಲು ತುಳಿಯಬಾರದು. ಶ್ರಾವಣದಲ್ಲಿ ಬನ್ನಿ, ಹೋಳಿಗೆ ಮಾಡುತ್ತೇನೆ ಎಂದರು.

ಪ್ರಮೋದ ಬೈಕಿನ ಕೀಲಿಗಾಗಿ ಜೇಬು ತಡಕಿದ. ಕೀಲಿ ಸೌಮ್ಯಳ ಕೈಯಲ್ಲೇ ಇತ್ತು.

"ಗಾಡಿನೂ ಇಲ್ಲೇ ಇರ್ಲಿ" ಎಂದಳು ಅವಳು, ಮಗುವಿಗೆ ಹೇಳುವಂತೆ. "ನಂಗೆ ಯಲ್ಲಾಪುರಕ್ಕೆ ಹೊಲಿಗೆ ಕ್ಲಾಸಿಗೆ ಹೋಗೂಕಾಗ್ತದೆ. ನಿಮ್ಮ ಕೈಲಿದ್ರೆ ಬ್ರೇಕು ಮತ್ತೆ ಕೆಡ್ತದೆ."

ಸಂಜೆಯ ಬಸ್ಸು ಸ್ಟಾಪಿನಲ್ಲಿ ಹೊರಡಲು ಸಿದ್ಧವಾಗಿ ಗುರುಗುಟ್ಟುತ್ತಿತ್ತು. ಸೌಮ್ಯ ಬೈಕು ಓಡಿಸಿಕೊಂಡು ಬಂದಳು. ಹಿಂದಿನ ಸೀಟಿನಲ್ಲಿ ಅವಳ ಗಂಡ, ತೊಡೆಯ ಮೇಲೆ ಅತ್ತೆ ಕೊಟ್ಟ ಉಪ್ಪಿನಕಾಯಿ ಭರಣಿ. ಇಳಿಜಾರು ಬಂದಾಗಲೆಲ್ಲ ಅವನ ಬಲಗಾಲು ಪೆಡಲನ್ನು ಹುಡುಕಿ, ಸಿಗದೆ, ಗಾಳಿಯನ್ನೇ ತುಳಿಯುತ್ತಿತ್ತು. ಅವಳು ಎರಡೂ ಬ್ರೇಕು ಹಿಡಿದಳು. ಗಾಡಿ ಒಂದಿಷ್ಟೂ ಮುಗ್ಗರಿಸದೆ, ಕಿರುಚದೆ, ಸರಿಯಾಗಿ ಬಸ್ಸಿನ ಮೆಟ್ಟಿಲ ಎದುರಿಗೆ ನಿಂತಿತು.

"ಚೊಲೋ ಮಾಡ್ಸಿದ್ರಿ" ಎಂದಳು ಸೌಮ್ಯ. "ಹತ್ತಿ, ಬಸ್ಸು ಬಿಡ್ತದೆ."